ಕಂಬಳಿ ಮಡಚುವ ಶಾಟ್: ನನ್ನ ಅನುಭವ

ಎರಡು ವರ್ಷ ಎಲ್ಲರ ಬಾಯಲ್ಲೂ ಒಂದೇ ಮಾತು: "ಪಾತ್ರ ಅಳದೇ ಇದ್ರೆ ಜನಕ್ಕೆ ದುಃಖ ಗೊತ್ತಾಗಲ್ಲ." ಕ್ಯಾಮೆರಾಮನ್ ಹೇಳಿದ, ಎಡಿಟರ್ ಹೇಳಿದ. ದುಡ್ಡು ಹಾಕಿದ ಗೆಳೆಯ ಅಂತೂ ಫೋನ್ ಮಾಡಿದಾಗೆಲ್ಲ ಹೇಳಿದ. ಹೋದ ತಿಂಗಳು ನಾನು ನಿರ್ದೇಶಿಸಿದ ಆ ಕಿರುಚಿತ್ರ ತೋರಿಸಿದೆ. ಸುಮಾರು 70 ಜನ ಇದ್ದರು. 16ನೇ ನಿಮಿಷದ ಹತ್ತಿರ ಕತ್ತಲಲ್ಲಿ ಮೂಗು ಎಳೆದುಕೊಳ್ಳುವ ಸದ್ದು ಒಂದೊಂದಾಗಿ ಶುರುವಾಯಿತು. ತೆರೆಯ ಮೇಲೆ ಯಾರೂ ಅಳುತ್ತಿರಲಿಲ್ಲ. ಒಬ್ಬ ಮನುಷ್ಯ ಕಂಬಳಿ ಮಡಚುತ್ತಿದ್ದ, ಅಷ್ಟೇ. ಹೇಗೆ ಅಲ್ಲಿಗೆ ಮುಟ್ಟಿದೆ ಅಂತ ಬರೆದಿಡುತ್ತೇನೆ.

ಕತೆ ಸಣ್ಣದು. 60 ದಾಟಿದ ಗಂಡಸು. ಹೆಂಡತಿ ತೀರಿಕೊಂಡು ಮೂರು ವಾರ. ಮನೆಯಲ್ಲಿ ಒಬ್ಬನೇ. ಒಟ್ಟು 22 ನಿಮಿಷ.

ಮೊದಲ ಸಲ ಎಲ್ಲರೂ ಹೇಳಿದ ಹಾಗೇ ಮಾಡಿದೆ. ಆರು ದಿನ ಶೂಟಿಂಗ್. ಹೆಂಡತಿಯ ಹಳೇ ಗೆಳತಿ ಫೋನ್ ಮಾಡಿ "ಅವಳಿಗೆ ಕೊಡಿ" ಅನ್ನುತ್ತಾಳೆ. ಈತ "ಅವಳು ಇಲ್ಲ" ಅಂತ ಹೇಳಿ ಕುಸಿದು ಅಳುತ್ತಾನೆ. ಕ್ಲೋಸಪ್, ಗ್ಲಿಸರಿನ್, ಟ್ರಾಲಿಯಲ್ಲಿ ನಿಧಾನವಾಗಿ ಮುಖದ ಹತ್ತಿರ ಹೋಗುವುದು, ಹಿಂದೆ ವಯೊಲಿನ್. 11 ಟೇಕ್ ಆಯಿತು ಅಂತ ನೆನಪು. ಬಜೆಟ್‌ನ ಹೆಚ್ಚುಕಡಿಮೆ ಕಾಲು ಭಾಗ ಸಂಗೀತಕ್ಕೇ ಹೋಯಿತು. ಟ್ರಾಲಿ, ಜಿಬ್ (ಕ್ಯಾಮೆರಾ ಎತ್ತಿ ಇಳಿಸುವ ಉದ್ದ ತೋಳು) ಬಾಡಿಗೆ ಬೇರೆ.

ಎಂಟು ಜನರಿಗೆ ತೋರಿಸಿದೆ. "ಆ್ಯಕ್ಟಿಂಗ್ ಸೂಪರ್" ಅಂದರು. ಆ ರಾತ್ರಿ ನನಗೆ ನಿದ್ದೆ ಬರಲಿಲ್ಲ. ಅವರಿಗೆ ಕಂಡಿದ್ದು ನಟ, ಹೆಂಡತಿ ಕಳೆದುಕೊಂಡ ಆ ಮನುಷ್ಯ ಅಲ್ಲ. ಅಳುವುದನ್ನೆಲ್ಲ ಪಾತ್ರವೇ ಅತ್ತು ಮುಗಿಸಿತ್ತು. ನೋಡುವವರಿಗೆ ಏನೂ ಉಳಿದಿರಲಿಲ್ಲ.

ಆಮೇಲೆ ನಾನು ತೀರಾ ಆ ಕಡೆಯ ತುದಿಗೆ ಹೋದೆ. ಸಂಗೀತ ತೆಗೆದೆ, ಕ್ಲೋಸಪ್ ತೆಗೆದೆ, ಮಾತೂ ತೆಗೆದೆ. ಜಪಾನಿನ ನಿರ್ದೇಶಕ ಓಝು ಕ್ಯಾಮೆರಾವನ್ನು ನೆಲದ ಹತ್ತಿರ ಇಟ್ಟು, ಬಹುಪಾಲು 50 ಎಂಎಂ ಲೆನ್ಸ್‌ನಲ್ಲೇ ಕೆಲಸ ಮಾಡಿದವರು. ನಾನೂ ಹಾಗೇ ಇಟ್ಟು ಮೂರು ದಿನ ತೆಗೆದೆ. ಅವರ ಪಾತ್ರಗಳು ಚಾಪೆಯ ಮೇಲೆ ಕೂರುತ್ತವೆ, ಆ ಎತ್ತರ ಅದಕ್ಕೆ ಸರಿ. ನನ್ನ ಪಾತ್ರ ಕುರ್ಚಿಯಲ್ಲಿ ಕೂತಿದ್ದ. ಫ್ರೇಮ್ ತುಂಬ ಮೊಣಕಾಲು ಬಂತು. ಎತ್ತರ ಸರಿ ಮಾಡಿಕೊಂಡರೂ ಸಿನಿಮಾ ಎದ್ದು ನಿಲ್ಲಲಿಲ್ಲ. ನೋಡಿದವರಲ್ಲಿ ಒಬ್ಬಾಕೆ ಕೇಳಿದಳು: "ಅವನಿಗೆ ಹೆಂಡತಿ ಅಂದ್ರೆ ಇಷ್ಟ ಇರ್ಲಿಲ್ವಾ?"

ಈ ಎರಡು ವರ್ಷದಲ್ಲಿ ನನಗೆ ಅತಿ ಹೆಚ್ಚು ಉಪಯೋಗಕ್ಕೆ ಬಂದ ಮಾತು ಅದು. ತಡೆಹಿಡಿಯಬೇಕು ಅಂದರೆ ತಡೆಯೋಕೆ ಒಳಗೆ ಏನಾದರೂ ಇರಬೇಕು ಅಲ್ವಾ? ನಾನು ಪ್ರೀತಿಯನ್ನು ತೋರಿಸಿಯೇ ಇರಲಿಲ್ಲ. ದುಃಖವನ್ನು ಕಡಿಮೆ ಮಾಡುತ್ತಾ ಹೋಗಿದ್ದೆ, ಕೊನೆಗೆ ಸುಮ್ನೆ ಕೂತ ಒಬ್ಬ ಮನುಷ್ಯ ಉಳಿದಿದ್ದ.

ಆ ಹೊತ್ತಿಗೆ ದುಡ್ಡು ಪೂರ್ತಿ ಖಾಲಿ. ಇಬ್ಬರ ಸಂಭಾವನೆ ಬಾಕಿ. ಗೆಳೆಯ ಇನ್ನು ಕೊಡಲ್ಲ ಅಂದ, ಅವನದು ತಪ್ಪಲ್ಲ. ನನ್ನದೇ ಎರಡು ಲೆನ್ಸ್ ಮಾರಿದೆ. ಮನಸ್ಸಿಲ್ಲದ ಜಾಹೀರಾತು ಕೆಲಸ ಎರಡು ಒಪ್ಪಿಕೊಂಡೆ. ಬಾಕಿ ತೀರಿಸಿ ಉಳಿದಿದ್ದರಲ್ಲಿ ಮತ್ತೆ ಎರಡು ದಿನ ಶೂಟ್ ಮಾಡುವಷ್ಟಾಯಿತು. ಮೊದಲ ಸಲದ ಖರ್ಚಿನ ಎಂಟನೇ ಒಂದು ಭಾಗವೂ ಇರಲಿಲ್ಲ. ಐದು ಜನರ ಯೂನಿಟ್, ಒಂದೇ ಲೆನ್ಸ್, ಕಿಟಕಿ ಬೆಳಕು.

ಆ ಎರಡು ದಿನದಲ್ಲಿ ತೆಗೆದಿದ್ದು ಮುಖ್ಯವಾಗಿ ಕಂಬಳಿ. ಡಬಲ್ ಕಾಟಿನ ದಪ್ಪ ಕಂಬಳಿ, ಇಬ್ಬರಿದ್ದರೇ ಸರಿಯಾಗಿ ಮಡಚೋಕಾಗುವುದು. ಸಿನಿಮಾದ ಮೂರನೇ ನಿಮಿಷದಲ್ಲಿ ಹಳೇ ದಿನದ ಒಂದು ಶಾಟ್ ಇಟ್ಟೆ. ಗಂಡ ಹೆಂಡತಿ ಎರಡು ತುದಿ ಹಿಡಿದು ಮಡಚುತ್ತಾರೆ. ಏನೋ ಬಿಲ್ ಕಟ್ಟುವ ವಿಷಯ ಮಾತಾಡುತ್ತಿದ್ದಾರೆ. ಒಬ್ಬರ ಮುಖ ಒಬ್ಬರು ನೋಡುವುದೂ ಇಲ್ಲ. ಹೆಂಡತಿ ತನ್ನ ತುದಿ ತಂದು ಅವನ ಕೈಗೆ ಕೊಡುವಾಗ ಬೆರಳು ತಾಗುತ್ತದೆ, ಅವಳು ಹೊರಟು ಹೋಗುತ್ತಾಳೆ. 9 ಸೆಕೆಂಡ್. ಇಡೀ ಸಿನಿಮಾದಲ್ಲಿ ಅವರ ಪ್ರೀತಿ ಅಂತ ಇರುವುದು ಅಷ್ಟೇ. ಅಪ್ಪಿಕೊಳ್ಳುವುದಿಲ್ಲ, ಹಳೇ ಫೋಟೋ ಇಲ್ಲ.

16ನೇ ನಿಮಿಷಕ್ಕೆ ಅವನೊಬ್ಬನೇ ಅದೇ ಕಂಬಳಿ ಹಿಡಿಯುತ್ತಾನೆ. ಎರಡು ಮೂಲೆ ಹಿಡಿದು ಕೈ ಅಗಲಿಸಿದರೆ ಆ ಕಡೆಯದು ನೆಲಕ್ಕೆ ಬೀಳುತ್ತದೆ. ಎತ್ತುತ್ತಾನೆ. ಒಂದು ಅಂಚನ್ನು ಗದ್ದದ ಕೆಳಗೆ ಒತ್ತಿ ಹಿಡಿಯುತ್ತಾನೆ, ಜಾರುತ್ತದೆ. ಕೊನೆಗೆ ಒಂದು ಮೂಲೆಯನ್ನು ಅಲ್ಮೇರಾದ ಬಾಗಿಲಿಗೆ ಸಿಕ್ಕಿಸಿ, ಬಾಗಿಲು ಒತ್ತಿ, ಈ ಕಡೆಯಿಂದ ಮಡಚಿಕೊಂಡು ಹೋಗುತ್ತಾನೆ. ಬಾಗಿಲ ಹತ್ತಿರ ಬಂದಾಗ ಒಂದು ಕ್ಷಣ ನಿಲ್ಲುತ್ತಾನೆ. ಅವಳು ನಿಲ್ಲುತ್ತಿದ್ದ ಜಾಗ ಅದು. ನಾನು ಹೇಳುವುದಿಲ್ಲ, ಅವನೂ ಹೇಳುವುದಿಲ್ಲ. ನೋಡುವವರಿಗೆ ಗೊತ್ತು.

ನಟನಿಗೆ "ದುಃಖ ಪಡಿ" ಅಂತ ಒಂದು ಸಲವೂ ಹೇಳಲಿಲ್ಲ. "ಇದನ್ನ ಒಬ್ಬರೇ ಅಚ್ಚುಕಟ್ಟಾಗಿ ಮಡಚಿ ಸಾರ್" ಅಂದೆ, ಅಷ್ಟೇ. ಅವರ ಗಮನವೆಲ್ಲ ಕೈಯಲ್ಲಿತ್ತು, ಹಾಗಾಗಿ ಮುಖದಲ್ಲಿ ಏನು ಬಂದರೂ ಅದು ತಾನಾಗಿಯೇ ಬಂದಿದ್ದು. ಟೇಕ್‌ಗೆ ಮುಂಚೆ ಕಿವಿಯಲ್ಲಿ ಇನ್ನೊಂದು ಮಾತು ಹೇಳಿದ್ದೆ. ಅದು ನಮ್ಮಿಬ್ಬರ ನಡುವೆ ಇರಲಿ.

ಫೋನ್ ದೃಶ್ಯವನ್ನೂ ಬದಲಿಸಿದೆ. ಕ್ಯಾಮೆರಾ ಪಕ್ಕದ ರೂಮಿನಲ್ಲಿ, ಅರ್ಧ ತೆರೆದ ಬಾಗಿಲಿನಿಂದ ಅವನ ಬೆನ್ನು ಮಾತ್ರ. ಆ ಕಡೆಯಿಂದ ಗೆಳತಿ ಕೇಳುತ್ತಾಳೆ. ಅವನು ಸ್ವಲ್ಪ ಹೊತ್ತು ಬಿಟ್ಟು "ಹೊರಗೆ ಹೋಗಿದಾಳೆ. ಬಂದ ಮೇಲೆ ಹೇಳ್ತೀನಿ" ಅನ್ನುತ್ತಾನೆ. ಫೋನ್ ಇಟ್ಟ ಮೇಲೂ ಬೆನ್ನು ಹಾಗೇ ಇರುತ್ತದೆ. ಎಡಿಟರ್ "ರಿಯಾಕ್ಷನ್ ಎಲ್ಲಿ?" ಅಂದ. ಬೆನ್ನೇ ರಿಯಾಕ್ಷನ್ ಅಂದೆ. ಒಪ್ಪಲಿಲ್ಲ. ಪ್ರದರ್ಶನ ಆದ ಮೇಲೆ ಒಪ್ಪಿದ.

ಮಧ್ಯೆ ಒಂದು ಪ್ರಯೋಗ ಮಾಡಿದೆ. 1920ರ ಆಸುಪಾಸಿನಲ್ಲಿ ರಷ್ಯಾದ ನಿರ್ದೇಶಕ ಕುಲೆಶೋವ್ ಒಬ್ಬ ನಟನ ಒಂದೇ ಮುಖದ ಶಾಟ್ ಪಕ್ಕ ಬೇರೆ ಬೇರೆ ಶಾಟ್ ಜೋಡಿಸಿ ತೋರಿಸಿದರು. ಮುಖ ಒಂದೇ ಆದರೂ ಪಕ್ಕದ ಶಾಟ್ ಬದಲಾದ ಹಾಗೆ ಜನ ಅದರಲ್ಲಿ ಬೇರೆ ಬೇರೆ ಭಾವ ಕಂಡರು ಅಂತ ಹೇಳುತ್ತಾರೆ. ನಮ್ಮ ನಟ ಲೈಟ್ ರೆಡಿ ಆಗಲಿ ಅಂತ ಕಾಯುತ್ತಾ ಕೂತಿದ್ದ ತುಣುಕು ಒಂದಿತ್ತು, ಅವರಿಗೆ ಕ್ಯಾಮೆರಾ ಓಡುತ್ತಿದ್ದುದೇ ಗೊತ್ತಿರಲಿಲ್ಲ. ಅದರ ಮುಂದೆ ಒಮ್ಮೆ ಖಾಲಿ ಮಂಚ ಇಟ್ಟೆ, ಒಮ್ಮೆ ಹೆಂಡತಿಯ ಕನ್ನಡಕ, ಒಮ್ಮೆ ಮುಚ್ಚಿದ ಬಾಗಿಲು. ಕನ್ನಡಕ ನೋಡಿದವರು "ಎಷ್ಟು ನೋವು ನುಂಗ್ಕೊಂಡಿದಾರೆ" ಅಂದರು. ಆ ತುಣುಕನ್ನು ಅವರನ್ನೇ ಕೇಳಿ ಸಿನಿಮಾದಲ್ಲಿ ಇಟ್ಟುಕೊಂಡೆ.

ಇನ್ನೊಂದು, ಶಾಟ್ ಎಷ್ಟು ಹೊತ್ತು ಹಿಡಿಯಬೇಕು ಅನ್ನುವುದು. ಅವನು ಫ್ರೇಮ್ ಬಿಟ್ಟು ಹೋದ ಮೇಲೆ ಖಾಲಿ ರೂಮನ್ನು 3, 8, 14 ಸೆಕೆಂಡ್ ಇಟ್ಟು ಮೂರು ಕಟ್ ಮಾಡಿ, ನಾಲ್ಕು ನಾಲ್ಕು ಜನರಿಗೆ ತೋರಿಸಿದೆ. 3 ಯಾರ ಗಮನಕ್ಕೂ ಬರಲಿಲ್ಲ. 14ಕ್ಕೆ ಜನ ಮೈ ಆಡಿಸಿದರು. 8 ಕೂತಿತು. ಆದರೆ ಮಾತು ಜಾಸ್ತಿ ಇರುವ ದೃಶ್ಯವನ್ನು ಅದಕ್ಕಿಂತ ಮೊದಲು ತಂದಾಗ ಅದೇ 8 ಉದ್ದ ಅನ್ನಿಸಿತು, 6ಕ್ಕೆ ಇಳಿಸಿದೆ. ಹಿಂದಿನ ಶಾಟ್ ನೋಡದೆ ಸೆಕೆಂಡ್ ಎಣಿಸಿ ಪ್ರಯೋಜನ ಇಲ್ಲ.

ಸಂಗೀತ ಮಾಡಿದವರು ಬೇಜಾರಾಗಿದ್ದರು. "ಸತ್ಯಜಿತ್ ರೇ ಕೂಡ ಸಂಗೀತ ಹಾಕಿದಾರಲ್ಲ" ಅಂದರು. ನಿಜ. 1955ರ 'ಪಥೇರ್ ಪಾಂಚಾಲಿ'ಯಲ್ಲಿ ಮಗಳು ಸತ್ತ ಸುದ್ದಿಯ ಹೊತ್ತಿಗೆ ತಾಯಿ ಬಾಯಿಬಿಟ್ಟು ಅಳುತ್ತಾಳೆ. ಅಳುವಿನ ದನಿ ಕೇಳಿಸುವುದಿಲ್ಲ, ಆ ಜಾಗದಲ್ಲಿ ತಾರ್ ಶಹನಾಯಿ ಅನ್ನುವ ತಂತಿವಾದ್ಯ ಕೇಳುತ್ತದೆ. ಆದರೆ ಅಲ್ಲಿ ವಾದ್ಯ ಅಳುವಿನ ಜಾಗಕ್ಕೆ ಬಂದಿದೆ. ನಮ್ಮದರಲ್ಲಿ ಅಳುವೂ ಇತ್ತು, ಅದರ ಮೇಲೆ ವಯೊಲಿನ್ನೂ ಇತ್ತು. ಇದನ್ನೇ ಅವರಿಗೆ ಹೇಳಿದೆ. ಕೊನೆಯ ಟೈಟಲ್ಸ್ ಕೆಳಗೆ ಅವರ 40 ಸೆಕೆಂಡ್ ಉಳಿಸಿಕೊಂಡೆ, ಅಲ್ಲಿ ಅದು ಚೆನ್ನಾಗಿ ಕೂತಿದೆ.

ಒಂಟಿತನಕ್ಕೆ ಸೌಂಡ್ ಬಳಸಿದೆ. ಮೊದಲ ಕಟ್ ಪೂರ್ತಿ ಡಬ್ಬಿಂಗ್, ಉಸಿರೇ ಇರಲಿಲ್ಲ. ಕೊನೆಯ ಸಲ ಸಿಂಕ್ ಸೌಂಡ್ (ಶೂಟಿಂಗ್ ಹೊತ್ತಲ್ಲೇ ಸದ್ದು ರೆಕಾರ್ಡ್ ಮಾಡುವುದು) ಮಾಡಿ, ಎಲ್ಲರನ್ನೂ ಹೊರಗೆ ಕಳಿಸಿ ರೂಮ್ ಟೋನ್, ಅಂದರೆ ಯಾರೂ ಮಾತಾಡದಾಗ ರೂಮಿನದೇ ಸದ್ದು, ತೆಗೆದೆ. ಅಲ್ಮೇರಾದಲ್ಲಿ ಬಟ್ಟೆ ತುಂಬಿದ್ದಾಗ ಒಂದು ಸಲ, ಬಟ್ಟೆ, ಹಾಸಿಗೆ, ಪರದೆ ಎಲ್ಲ ತೆಗೆದು ಇನ್ನೊಂದು ಸಲ. ಬಟ್ಟೆ ಸದ್ದನ್ನು ಹೀರಿಕೊಳ್ಳುತ್ತದೆ. ಖಾಲಿ ಮಾಡಿದಾಗ ಚಪ್ಪಲಿಯ ಸದ್ದೂ ಸ್ವಲ್ಪ ಗುಂಯ್ ಅನ್ನುತ್ತದೆ. ಹೆಂಡತಿ ಇರುವ ಶಾಟ್‌ಗೆ ಮೊದಲನೆಯದು, ಆಮೇಲೆಲ್ಲ ಎರಡನೆಯದು. ಯಾರೂ ಕಂಡುಹಿಡಿಯಲಿಲ್ಲ. ಆದರೆ ಮೂರು ಜನ "ಆ ಮನೆ ದೊಡ್ಡದಾಗ್ತಾ ಹೋಯ್ತು ಅನ್ನಿಸ್ತು" ಅಂದರು. ಎರಡನ್ನೂ ಸೇರುವ ಜಾಗದಲ್ಲಿ ಗೊತ್ತಾಗದ ಹಾಗೆ ಹೇಗೆ ಬದಲಿಸಿದೆ ಅನ್ನುವುದನ್ನು ಮುಂದಿನ ಸಿನಿಮಾ ಆಗುವವರೆಗೆ ಹೇಳಲ್ಲ.

ಕಂಬಳಿ ಶಾಟ್ ಎರಡೇ ಟೇಕ್. ಮೊದಲನೆಯದರಲ್ಲಿ ಮಡಚಿದ್ದು ಸೊಟ್ಟ ಆಯಿತು, ಒಂದು ಮೂಲೆ ಹೊರಗೆ ಇಣುಕುತ್ತಿತ್ತು. ಅವರು ಅದನ್ನೊಮ್ಮೆ ಒಳಗೆ ತಳ್ಳಿದರು, ಮತ್ತೆ ಬಂತು, ಹಾಗೇ ಬಿಟ್ಟು ಹೋದರು. ಕಟ್ ಅಂದ ಕೂಡಲೇ "ಸರಿಯಾಗ್ಲಿಲ್ಲ, ಇನ್ನೊಂದು ತೆಗೀರಿ" ಅಂದರು. ತೆಗೆದೆ. ಎರಡನೆಯದರಲ್ಲಿ ಅಚ್ಚುಕಟ್ಟಾಗಿ ಬಂತು. ಸಿನಿಮಾದಲ್ಲಿ ಇರುವುದು ಮೊದಲನೆಯದು.