ಥರ್ಮೋಕೋಲ್ ಕೇಕಿಗೆ ನಾನು ಕಟ್ಟಿದ ಬೆಲೆ

ಮದುವೆಯಲ್ಲಿ ತೋರಿಕೆಗೆ ಇಡುವ, ಒಳಗೆ ಥರ್ಮೋಕೋಲ್ ಇರುವ ಡಮ್ಮಿ ಕೇಕಿಗೆ ಚದರ ಇಂಚಿನ ಲೆಕ್ಕದಲ್ಲಿ ಬೆಲೆ ಹಾಕುತ್ತೇನೆ ಎಂದಾಗ ಮೈಸೂರಿನಲ್ಲಿ ಇದೇ ಕೆಲಸ ಮಾಡುವ ಗೆಳತಿಯರು ನಕ್ಕಿದ್ದರು. ‘ನೆಲಕ್ಕೆ ಟೈಲ್ಸ್ ಹಾಕಲು ಹೊರಟಿದ್ದೀಯಾ?’ ಎಂದು ಒಬ್ಬಳು ಕೇಳಿದಳು. ಆಮೇಲಿನ ಮದುವೆ ಸೀಸನ್‌ಗಳು ಈ ಲೆಕ್ಕದಲ್ಲೇ ದಾಟಿವೆ, ಕೈಯಿಂದ ದುಡ್ಡು ಹೋಗುವುದು ನಿಂತಿದೆ. ಫಾಂಡೆಂಟ್ ಎಂಬ ಸಕ್ಕರೆ ಹಿಟ್ಟಿನ ಹಾಳೆ ಹೊದಿಸುವುದು, ಅಂಚು ತೀಡುವುದು ನಿಮಗೆ ಗೊತ್ತಿರುವ ಕೆಲಸ. ಅದರ ತಂಟೆಗೆ ಹೋಗುವುದಿಲ್ಲ.

ಮೊದಲು ನಾನೂ ಎಲ್ಲರಂತೆ ‘ನಿಜವಾದ ಕೇಕಿನ ಅರ್ಧ ಬೆಲೆ’ ಎನ್ನುತ್ತಿದ್ದೆ. ಅರ್ಧ ಎಂದ ಕೂಡಲೇ ಗಿರಾಕಿ ಕಾಲುಭಾಗಕ್ಕೆ ಇಳಿಸುತ್ತಾನೆ. ನಮ್ಮ ಕೊಡಗಿನ ಅಮ್ಮತ್ತಿಯ ಒಂದು ಮದುವೆಗೆ ಹುಡುಗಿಯ ಚಿಕ್ಕಪ್ಪ ಬಂದು, ‘ಒಳಗಿರುವುದು ಟಿವಿ ಡಬ್ಬದಲ್ಲಿ ಬರುವ ಥರ್ಮೋಕೋಲ್ ತಾನೆ? ಅದಕ್ಕೆ ಹತ್ತು ಸಾವಿರವೇನಮ್ಮಾ?’ ಎಂದು ಕೇಳಿ, ಆರಕ್ಕೆ ಇಳಿಸಿ, ಅದರಲ್ಲೂ ಅರ್ಧವನ್ನು ‘ಕಾಫಿ ಮಾರಿದ ಮೇಲೆ’ ಎಂದು ಬಾಕಿ ಇಟ್ಟು ಹೋದರು. ಆ ವರ್ಷದ ಕಾಫಿ ಮಾರಾಟವಾಯಿತು, ನನ್ನ ಬಾಕಿ ಹಾಗೇ ಉಳಿಯಿತು.

ಥರ್ಮೋಕೋಲ್ ಹಾಕಿದರೆ ಉಳಿತಾಯವಾಗುವುದು ಮೈದಾ, ಮೊಟ್ಟೆ, ಬೆಣ್ಣೆ, ಗ್ಯಾಸ್ ಅಷ್ಟೇ. ಕೈಕೆಲಸ ಕಡಿಮೆಯಾಗುವುದಿಲ್ಲ, ಹೆಚ್ಚಾಗುತ್ತದೆ. ನಿಜವಾದ ಕೇಕಿನಲ್ಲಿ ಗನಾಶ್ (ಚಾಕೊಲೇಟ್-ಕ್ರೀಮಿನ ಲೇಪ) ಇದ್ದರೆ ತಗ್ಗು ಉಬ್ಬುಗಳನ್ನು ಅದು ಮುಚ್ಚಿಕೊಳ್ಳುತ್ತದೆ. ಇಲ್ಲಿ ಬೆರಳೊತ್ತಿದ ಗುರುತೂ ಫಾಂಡೆಂಟಿನ ಮೇಲೆ ಎದ್ದು ಕಾಣುತ್ತದೆ. ಮರಳು ಕಾಗದ ಹಿಡಿದು ಕೂತರೆ ಒಂದು ಮಧ್ಯಾಹ್ನ ಹೋಯಿತು.

ಈಗಿನ ಲೆಕ್ಕ ಹೀಗಿದೆ. ಆರು, ಎಂಟು, ಹತ್ತು, ಹನ್ನೆರಡು ಇಂಚಿನ ನಾಲ್ಕು ಅಂತಸ್ತು, ಒಂದೊಂದೂ ನಾಲ್ಕು ಇಂಚು ಎತ್ತರ ಎಂದುಕೊಳ್ಳಿ. ಮೇಲ್ಭಾಗ, ಸುತ್ತು ಸೇರಿಸಿದರೆ ಸುಮಾರು 720 ಚದರ ಇಂಚು. ಇಂಚಿಗೆ 12 ರೂಪಾಯಿಯಂತೆ 8,600ರ ಆಸುಪಾಸು. ಇದರಲ್ಲಿ ಮೂರೂವರೆ ಕಿಲೋ ಫಾಂಡೆಂಟ್, ಥರ್ಮೋಕೋಲ್, ಬೋರ್ಡ್, ರಿಬ್ಬನ್ ಎಲ್ಲ ಸೇರಿ ಮೂರು ಸಾವಿರ ದಾಟುವುದಿಲ್ಲ. ಉಳಿದದ್ದು ನನ್ನ ಕೂಲಿ. ಹೂವಿಗೆ ಬೇರೆ ದರ, ಸಾಗಣೆಗೆ ಬೇರೆ. ಬಡಿಸುವ ಕೇಕ್ ಕಿಲೋ ಲೆಕ್ಕದಲ್ಲಿ ಬಿಲ್ಲಿನ ಇನ್ನೊಂದು ಸಾಲು. ಚರ್ಚಿನ ಮದುವೆಗಳಲ್ಲಿ ಹೆಚ್ಚಾಗಿ ಪ್ಲಮ್ ಕೇಕ್ ಕೇಳುತ್ತಾರೆ, ಅದನ್ನು ವಾರಗಳ ಮೊದಲೇ ಮಾಡಿಟ್ಟರೆ ಕೊನೆಯ ರಾತ್ರಿ ನಿದ್ದೆ ಸಿಗುತ್ತದೆ. ಎಲ್ಲ ಕೂಡಿ ಹದಿನಾರು ಸಾವಿರದ ಹತ್ತಿರ ಬಂದರೂ, ಅದೇ ಗಾತ್ರದ ನಿಜವಾದ ಕೇಕಿಗೆ ನನ್ನ ದರ 22 ಸಾವಿರಕ್ಕೆ ಕಡಿಮೆಯಿಲ್ಲ. ಗಿರಾಕಿಯ ಎದುರು ಟೇಪು ಹಿಡಿದು ಅಳೆದು ತೋರಿಸುತ್ತೇನೆ. ಅಳತೆ ಕಣ್ಣಿಗೆ ಕಂಡರೆ ಚೌಕಾಸಿ ತಾನಾಗಿ ತಗ್ಗುತ್ತದೆ. ತೋಟ ಅಳೆದು ಬೆಳೆದ ಜನಕ್ಕೆ ವಿಸ್ತೀರ್ಣದ ಮಾತು ಬೇಗ ಅರ್ಥವಾಗುತ್ತದೆ.

ಲಾಭ ಬಂದದ್ದು ಬಾಡಿಗೆಯಲ್ಲಿ. ಸಿದ್ಧ ವಿನ್ಯಾಸವಾದರೆ 4,500 ಬಾಡಿಗೆ, 3,000 ಠೇವಣಿ. ಮೊದಲ ಎರಡು ಮದುವೆಗಳಲ್ಲಿ ಹಾಕಿದ್ದು ಹಿಂದಿರುಗುತ್ತದೆ, ಆಮೇಲೆ ರಿಪೇರಿಗೆ ಏಳುನೂರು ಕಳೆದರೆ ಉಳಿದದ್ದೆಲ್ಲ ಗಳಿಕೆ. ಠೇವಣಿ ಇಲ್ಲದೆ ಕೊಟ್ಟ ಕಾಲದಲ್ಲಿ ಒಂದು ಕೇಕ್ ವಿರಾಜಪೇಟೆಯ ಯಾರದೋ ಷೋಕೇಸಿನಲ್ಲಿ ಉಳಿದುಬಿಟ್ಟಿತು. ಇನ್ನೊಂದನ್ನು ಊಟದ ಗುತ್ತಿಗೆಯವರ ಹುಡುಗರು ನಿಜವಾದದ್ದೆಂದು ಫ್ರಿಜ್ಜಿಗೆ ತಳ್ಳಿದ್ದರು. ಹೊರಗೆ ತೆಗೆದಾಗ ಬೆವರಿ, ಗುಲಾಬಿ ಬಣ್ಣ ಬಿಳಿಯ ಮೇಲೆ ಇಳಿದು ಬಂದಿತ್ತು.

ಕತ್ತರಿಸುವ ಶಾಸ್ತ್ರದ ವಿಷಯ. ಕೆಳಗಿನ ಅಂತಸ್ತಿನಲ್ಲಿ ಗೂಡು ಕೊರೆದು ನಿಜವಾದ ಕೇಕಿನ ತುಂಡು ಇಡುತ್ತೇವಲ್ಲ, ಒಂದು ಆರತಕ್ಷತೆಯಲ್ಲಿ ಮದುಮಕ್ಕಳು ಅದರ ಎದುರು ಬದಿಗೆ ಚಾಕು ಇಳಿಸಿದರು. ಚಾಕು ಸಿಕ್ಕಿಹಾಕಿಕೊಂಡಿತು, ವಿಡಿಯೋದವನು ಬಿಡದೆ ಚಿತ್ರೀಕರಿಸಿದ. ಕೊಡವ ಮದುವೆಯ ಶಾಸ್ತ್ರದಲ್ಲಿ ಒಡಿಕತ್ತಿಯಿಂದ ಒಂದೇ ಏಟಿಗೆ ಬಾಳೆ ಕಡಿಯುವುದನ್ನು ನೋಡಿ ಬಂದ ನೆಂಟರ ಮುಂದೆ ಇದು ನಡೆಯಬಾರದಿತ್ತು. ಈಗ ತುಂಡು ಇರುವ ಕಡೆ ಒಂದು ಕಿತ್ತಳೆ ಎಲೆ ಅಂಟಿಸಿ, ಮದುಮಗನ ಸ್ನೇಹಿತನೊಬ್ಬನಿಗೆ ತೋರಿಸಿಯೇ ಹೊರಡುತ್ತೇನೆ. ಆ ತುಂಡಿನ ಗೆರೆ ಕಾಣದಂತೆ ಮುಚ್ಚುವುದು ಹೇಗೆ ಎಂದು ಕೇಳಬೇಡಿ, ಅದು ನನ್ನಲ್ಲೇ ಇರಲಿ.

ಕಕ್ಕಡ ತಿಂಗಳಲ್ಲಿ, ಅಂದರೆ ಜುಲೈ-ಆಗಸ್ಟ್ ಹೊತ್ತಿನಲ್ಲಿ, ಮದುವೆಗಳಿಲ್ಲ, ಕೈ ಖಾಲಿ. ಬಾಡಿಗೆ ಕೇಕುಗಳನ್ನು ಆಗಲೇ ಮಾಡಿಡೋಣವೆಂದರೆ ನಮ್ಮ ಮಳೆಯಲ್ಲಿ ಫಾಂಡೆಂಟ್ ಅಂಟುತ್ತದೆ, ಒಣಗಿದರೆ ಗಟ್ಟಿಯಾಗುವ ಸಕ್ಕರೆ ಲೇಪವಾದ ರಾಯಲ್ ಐಸಿಂಗ್ ಒಣಗುವುದೇ ಇಲ್ಲ, ಕರೆಂಟು ಹೋದರೆ ಬರುವ ಗ್ಯಾರಂಟಿ ಇಲ್ಲ. ಗೋಡೆಗೆ ಹಚ್ಚುವ ಪುಟ್ಟಿ ಬಳಿದು ನೋಡಿದೆ. ಇರುವೆಯಿಲ್ಲ, ಬೂಷ್ಟು ಇಲ್ಲ, ಖರ್ಚು ಫಾಂಡೆಂಟಿನ ಕಾಲುಭಾಗ. ಆದರೆ ಭಾಗಮಂಡಲ ರಸ್ತೆಯ ತಿರುವುಗಳಲ್ಲಿ ಕುಲುಕಿ, ಇಳಿಸುವಷ್ಟರಲ್ಲಿ ಬಿರುಕು ಬಿಟ್ಟಿತ್ತು. ಪುಟ್ಟಿಗೆ ಬೇರೊಂದು ವಸ್ತು ಬೆರೆಸಿದ ಮೇಲೆ ಬಿರುಕು ನಿಂತಿದೆ. ಅನುಪಾತ ಇನ್ನೂ ಹದಕ್ಕೆ ಬಂದಿಲ್ಲ, ಬಂದರೂ ಬಹುಶಃ ಹೇಳುವುದಿಲ್ಲ. ಪುಟ್ಟಿಯ ಕೇಕನ್ನು ಯಾರೂ ನೆಕ್ಕಬಾರದೆಂದು ಮಾತ್ರ ಬರೆದು ಅಂಟಿಸುತ್ತೇನೆ, ಅದರಲ್ಲಿ ನಿಜವಾದ ತುಂಡನ್ನೂ ಇಡುವುದಿಲ್ಲ.

ಅದೇ ಮಳೆಗಾಲದಲ್ಲಿ ಗಮ್ ಪೇಸ್ಟ್ (ಒಣಗಿ ಗಟ್ಟಿಯಾಗುವ ಸಕ್ಕರೆ ಹಿಟ್ಟು) ಹೂಗಳನ್ನು ಅತ್ತೆಯ ಮನೆಯ ಒಲೆಯ ಮೇಲಿನ ಅಟ್ಟದಲ್ಲಿ ಒಣಗಿಸಿದ್ದೂ ಆಯಿತು. ‘ಹಂದಿ ಮಾಂಸ ಒಣಗಿಸುವ ಜಾಗದಲ್ಲಿ ಗುಲಾಬಿಯೇ?’ ಎಂದರು ಅತ್ತೆ. ಎರಡೇ ದಿನಕ್ಕೆ ಗಟ್ಟಿಯಾದವು, ಹೊಗೆಗೆ ಬಣ್ಣ ದಂತದಂತಾಯಿತು. ಹತ್ತಿರ ಹೋದರೆ ಹೊಗೆಯ ವಾಸನೆ ಇತ್ತು, ಡಮ್ಮಿಯ ಹತ್ತಿರ ಮೂಗು ಒಯ್ಯುವವರು ಯಾರು? ಆ ಬಣ್ಣಕ್ಕೇ ಬೇಡಿಕೆ ಬಂದು, ಹೂವಿನ ದರಕ್ಕೆ ನೂರೈವತ್ತು ಸೇರಿಸಿದೆ.

ಈಗ ಹೆಚ್ಚು ಓಡುವುದು ಬಿಳಿ ಕೇಕಿಗೆ ಕಾಫಿ ಹೂವಿನ ಕೊಂಬೆ ಸುತ್ತಿದ ವಿನ್ಯಾಸ. ಹೊರಗಿನಿಂದ ರೆಸಾರ್ಟಿಗೆ ಬಂದು ಮದುವೆಯಾಗುವವರಿಗೆ ಅದೇ ಬೇಕು. ನಮ್ಮವರು ಮಾತ್ರ, ‘ತೋಟದಲ್ಲಿ ನೋಡುವುದು ಸಾಲದೇ’ ಎಂದು ಗುಲಾಬಿಯನ್ನೇ ಕೇಳುತ್ತಾರೆ. ಒಂದು ಕೊಂಬೆಗೆ 400 ರೂಪಾಯಿ, ಚದರ ಇಂಚಿನ ಲೆಕ್ಕದ ಹೊರಗೆ. ನಕ್ಕಿದ್ದ ಗೆಳತಿ ಹೋದ ತಿಂಗಳು ಫೋನ್ ಮಾಡಿ ದರಪಟ್ಟಿ ಕಳಿಸೆಂದಳು. ಕಳಿಸಿದ್ದೇನೆ, ಅವಳ ಊರಿನ ಜಾಗದ ಬಾಡಿಗೆಗೆ ತಕ್ಕಂತೆ ಇಂಚಿಗೆ 15 ಹಾಕಿಕೊಳ್ಳಲು ಹೇಳಿದ್ದೇನೆ.