ಅಂಕ ಹಾಕುವ ಮೊದಲು ತಟ್ಟೆ ನೋಡಿ

ಲಕ್ವ ಹೊಡೆದವರ ಮನೆಗೆ ಹೋಗಿ ವ್ಯಾಯಾಮ ಮಾಡಿಸುವುದು ನನ್ನ ಕೆಲಸ. ಸೋಮವಾರಪೇಟೆ ಸುತ್ತಮುತ್ತಲಿನ ತೋಟದ ಮನೆಗಳೇ ಜಾಸ್ತಿ. ಬೂಟು ಬಿಚ್ಚುವಷ್ಟರಲ್ಲಿ ಮನೆಯವರು ಕೇಳುತ್ತಾರೆ, "ಸುಧಾರಿಸ್ತಿದ್ದಾರಾ?" ಸುಮ್ನೆ ಹೂಂ ಅನ್ನುವ ಬದಲು ಬಾರ್ಥೆಲ್ ಪಟ್ಟಿ ತೆಗೆಯುತ್ತೇನೆ. ದಿನದ ಕೆಲಸಗಳಲ್ಲಿ ಯಾವುದನ್ನು ಒಬ್ಬರೇ ಮಾಡಿಕೊಳ್ಳುತ್ತಾರೆ ಅಂತ ಅಂಕ ಹಾಕಿ ಅಳೆಯುವ, 1965ರಲ್ಲಿ ಅಮೆರಿಕದಲ್ಲಿ ಪ್ರಕಟವಾದ ಪಟ್ಟಿ. ಒಟ್ಟು 100 ಅಂಕ. ಮನೆಯವರೂ ಹಾಕಬಹುದು.

ಮಂಚದಿಂದ ಕುರ್ಚಿಗೆ ಬರುವುದಕ್ಕೆ ಮತ್ತು ನಡಿಗೆಗೆ ತಲಾ 15. ಊಟ, ಬಟ್ಟೆ, ಕಕ್ಕಸು, ಮೆಟ್ಟಿಲು, ಮಲ ಮತ್ತು ಮೂತ್ರದ ಹಿಡಿತ, ಇವಕ್ಕೆ ತಲಾ 10. ಸ್ನಾನಕ್ಕೆ 5, ಮುಖ ತೊಳೆದು ತಲೆ ಬಾಚುವುದಕ್ಕೆ 5. ಒಬ್ಬರೇ ಮಾಡಿದರೆ ಪೂರ್ತಿ ಅಂಕ, ಸಹಾಯ ಬೇಕಾದರೆ ಕಡಿಮೆ. ಸ್ನಾನ ಮತ್ತು ಮುಖ ತೊಳೆಯುವುದರಲ್ಲಿ ಮಾತ್ರ ನಡುವಿನ ಅಂಕವಿಲ್ಲ, 5 ಇಲ್ಲವೇ ಸೊನ್ನೆ.

ಮಾಡಬಲ್ಲರಾ ಅಂತ ಕೇಳಬೇಡಿ. ದಿನಾ ಮಾಡುತ್ತಿದ್ದಾರಾ ನೋಡಿ. ಇದರಲ್ಲೇ ನಾನು ಎಡವಿದ್ದೆ. ಒಬ್ಬ ತಾತನ ಬಗ್ಗೆ ಅಜ್ಜಿಯನ್ನು ಕೇಳಿದರೆ, "ಊಟ ಅವರೇ ಮಾಡ್ತಾರೆ" ಅಂದರು. 10 ಬರೆದೆ. ಮುಂದಿನ ವಾರ ತಿಂಡಿ ಹೊತ್ತಿಗೆ ಹೋದೆ. ಅಜ್ಜಿ ಅಕ್ಕಿ ರೊಟ್ಟಿಯನ್ನು ಚೂರು ಚೂರು ಹರಿದು ತಟ್ಟೆಗೆ ಹಾಕುತ್ತಿದ್ದರು, ತಾತ ಎಡಗೈಯಲ್ಲಿ ಹೆಕ್ಕಿ ತಿನ್ನುತ್ತಿದ್ದರು. ಬೇರೆಯವರು ಹರಿದು ಕೊಟ್ಟರೆ 5. ಅಜ್ಜಿ ಸುಳ್ಳು ಹೇಳಿರಲಿಲ್ಲ ಅಲ್ವಾ, ನಾನೇ ನೋಡಿರಲಿಲ್ಲ.

ನಡಿಗೆಗೆ 15 ಬರಬೇಕಾದರೆ ಸುಮಾರು 150 ಅಡಿ ಒಬ್ಬರೇ ನಡೆಯಬೇಕು. ಕೋಲು ಹಿಡಿದರೂ ಸರಿ. ಬೇಸಿಗೆಯಲ್ಲಿ ಕಾಫಿ ಕಣ ಸಾಕು. ಜುಲೈ ಮಳೆಯಲ್ಲಿ ಕಣಕ್ಕೆ ಯಾರು ಇಳಿಯುತ್ತಾರೆ? ಜಗಲಿ 15 ಅಡಿ ಇದ್ದರೆ ಒಂದು ತುದಿಯಿಂದ ಇನ್ನೊಂದು ತುದಿಗೆ ಹತ್ತು ಸಲ. ಪಕ್ಕದಲ್ಲಿ ಒಬ್ಬರು ಕೈ ಹಿಡಿದಿದ್ದರೆ 10.

ನಮ್ಮ ಕಡೆ ಹಳೇ ಮನೆಗಳಲ್ಲಿ ಬಚ್ಚಲು ಹೊರಗೆ, ನೆಲಕ್ಕೆ ಪಾಚಿ. ಜಾರುತ್ತಾರೆ ಅಂತ ಮಗ ಬಾಗಿಲಲ್ಲಿ ಕಾಯಲೇಬೇಕಾದರೆ, ಮುಟ್ಟದೇ ಇದ್ದರೂ ಸ್ನಾನಕ್ಕೆ ಸೊನ್ನೆ. ತಾತಂದಿರಿಗೆ ಸಿಟ್ಟು ಬರುತ್ತದೆ, ಬರಲಿ. ಮೂತ್ರದ ವಿಷಯ ಸೊಸೆಯ ಎದುರು ಕೇಳಬೇಡಿ. ನಾಚಿಕೆಗೆ "ಏನೂ ತೊಂದ್ರೆ ಇಲ್ಲ" ಅಂದುಬಿಡುತ್ತಾರೆ. ಒಬ್ಬರೇ ಇದ್ದಾಗ, ರಾತ್ರಿ ಹಾಸಿಗೆ ಒದ್ದೆಯಾಗುತ್ತದಾ ಅಂತಲೇ ಕೇಳಿ.

ತಿಂಗಳಿಗೊಮ್ಮೆ, ಆದಷ್ಟು ಅದೇ ವ್ಯಕ್ತಿ ಅಂಕ ಹಾಕಲಿ. ಒಟ್ಟು ಅಂಕಕ್ಕಿಂತ ಯಾವ ಸಾಲು ಬದಲಾಯಿತು ಅನ್ನುವುದನ್ನೇ ನಾನು ಮೊದಲು ನೋಡುವುದು.

100 ಬಂತು ಅಂತ ಒಬ್ಬರನ್ನೇ ಮನೆಯಲ್ಲಿ ಬಿಟ್ಟು ಕುಶಾಲನಗರಕ್ಕೆ ಹೊರಡಬೇಡಿ. ಮಾತ್ರೆ, ದುಡ್ಡು, ಗ್ಯಾಸ್ ಒಲೆ, ಫೋನ್ ಈ ಪಟ್ಟಿಯಲ್ಲೇ ಇಲ್ಲ. ಅದನ್ನು ಕಾಗದದ ಹಿಂದೆ ಬೇರೆ ಬರೆದಿಡಿ. ಆ ತಾತ ಈಗ ರೊಟ್ಟಿ ತಾವೇ ಹರಿಯುತ್ತಾರೆ, ಒಟ್ಟು ಅಂಕ 95. ಬೆಳಗಿನ ಬಿಪಿ ಮಾತ್ರೆಯನ್ನು ಮಾತ್ರ ಎರಡು ಸಲ ನುಂಗಿದ್ದು ಮೊನ್ನೆ ಗೊತ್ತಾಯಿತು.