ಸರ್ಫಿಂಗ್, ಸ್ಕೂಬಾ ಕಲಿಯಲು ಬೆಂಗಳೂರಿನಿಂದ ಹೊರಡುವವರಿಗೆ

ನಾನು ಹುಟ್ಟಿ ಬೆಳೆದದ್ದು ಬಸವನಗುಡಿಯಲ್ಲಿ. ಸಮುದ್ರವೆಂದರೆ ನಮಗೆ ಉಡುಪಿ ಯಾತ್ರೆಯ ಕೊನೆಯಲ್ಲಿ ಮಲ್ಪೆಗೆ ಹೋಗಿ ಮೊಣಕಾಲವರೆಗೆ ನೆನೆಸಿಕೊಳ್ಳುವ ನೀರು, ಅಷ್ಟೇ. ಮೂವತ್ತಾರನೆಯ ವಯಸ್ಸಿನಲ್ಲಿ ಎರಡು ತಿಂಗಳು ಸಂಬಳವಿಲ್ಲದ ರಜೆ ಹಾಕಿ, ಬೆನ್ನಿಗೊಂದು ಚೀಲ ಏರಿಸಿಕೊಂಡು ಅಂಡಮಾನ್ ಮತ್ತು ಶ್ರೀಲಂಕಾ ಸುತ್ತಿದೆ. ಒಂದೆಡೆ ಸ್ಕೂಬಾ, ಅಂದರೆ ಗಾಳಿಯ ಸಿಲಿಂಡರ್ ಹೊತ್ತು ಕಡಲಾಳಕ್ಕೆ ಇಳಿಯುವುದನ್ನು ಕಲಿತೆ, ಇನ್ನೊಂದೆಡೆ ಸರ್ಫಿಂಗ್, ಅಂದರೆ ಹಲಗೆಯ ಮೇಲೆ ನಿಂತು ಅಲೆಯ ಸವಾರಿ. ಹೋಗಬೇಕೆನ್ನುವ ಸಹೋದ್ಯೋಗಿಗಳು ಯಾವ ದ್ವೀಪ, ಎಷ್ಟು ಖರ್ಚು ಎಂದು ಕೇಳುತ್ತಾರೆ. ನಾನು ಮೊದಲು ಕೇಳುವುದು, ‘ನಿಮಗೆ ನೀರಿನ ಮೇಲೆ ಸುಮ್ಮನೆ ಮಲಗಲು ಬರುತ್ತದೆಯೇ?’ ಎಂದು. ದ್ವೀಪದಲ್ಲಿ ಒಂದೊಂದು ದಿನಕ್ಕೂ ದುಡ್ಡು ಸುರಿಯುತ್ತೀರಿ. ಅಲ್ಲಿ ನೀರಿನ ಹೆದರಿಕೆ ಕಳೆಯುತ್ತ ಕೂರಬಾರದು. ಅದನ್ನು ಇಲ್ಲಿಯೇ ಕಳೆದುಕೊಂಡು ಹೋಗಬೇಕು.

ಸ್ಕೂಬಾದ ಮೊದಲ ಪ್ರಮಾಣಪತ್ರವಾದ ಓಪನ್ ವಾಟರ್ ಕೋರ್ಸಿಗೆ ಪ್ಯಾಡಿ ಎಂಬ ಅಂತರರಾಷ್ಟ್ರೀಯ ಡೈವಿಂಗ್ ತರಬೇತಿ ಸಂಸ್ಥೆ ಕೇಳುವುದು 200 ಮೀಟರ್ ಈಜು ಮತ್ತು ಹತ್ತು ನಿಮಿಷ ತೇಲುವುದು. ಈಜಿಗೆ ಸಮಯದ ಗಡುವಿಲ್ಲ. ನನ್ನ ಪ್ರಕಾರ ತೇಲುವುದೇ ಮುಖ್ಯ. ಕೊಳದಲ್ಲಿ ಈ ತುದಿಯಿಂದ ಆ ತುದಿಗೆ ಸರಾಗವಾಗಿ ಈಜುವವರೂ ಕೈಕಾಲು ನಿಲ್ಲಿಸಿದ ಕೂಡಲೇ ಗಾಬರಿಯಾಗುವುದನ್ನು ಕಂಡಿದ್ದೇನೆ. ಅಂಗಾತ ಮಲಗಿ, ಕಿವಿ ನೀರಿನೊಳಗೆ ಮುಳುಗಲು ಬಿಟ್ಟು, ಗದ್ದ ಮೇಲೆತ್ತಿ, ಉಸಿರನ್ನು ನಿಧಾನವಾಗಿ ಎಳೆದು ಬಿಡುವುದನ್ನು ರೂಢಿಸಿಕೊಳ್ಳಿ. ನನಗೆ ಇದಕ್ಕೇ ಆರು ವಾರ ಬೇಕಾಯಿತು.

ಸರ್ಫಿಂಗಿನ ಮೊದಲ ಪಾಠ ನಡೆದದ್ದು ನಮ್ಮ ಮನೆಯ ರೆಡ್ ಆಕ್ಸೈಡ್ ನೆಲದ ಮೇಲೆ. ಚಾಪೆಯ ನಡುವೆ ಅಮ್ಮ ರಂಗೋಲಿ ಪುಡಿಯಲ್ಲಿ ಉದ್ದಕ್ಕೆ ಒಂದು ಗೆರೆ ಎಳೆದುಕೊಟ್ಟರು, ಅದೇ ಹಲಗೆಯ ನಡುಗೆರೆ. ಬೋರಲು ಮಲಗಿ, ಅಂಗೈಗಳನ್ನು ಪಕ್ಕೆಲುಬಿನ ಪಕ್ಕದಲ್ಲಿ ಊರಿ, ಎದೆ ಎತ್ತಿ, ಎರಡೂ ಪಾದಗಳನ್ನು ಒಂದೇ ನೆಗೆತಕ್ಕೆ ಗೆರೆಯ ಮೇಲೆ ತಂದು ನಿಲ್ಲಬೇಕು. ಮೊಣಕಾಲು ಮಡಿದಿರಬೇಕು, ಕಣ್ಣು ಮುಂದೆ ನೋಡುತ್ತಿರಬೇಕು. ಪಾದ ನೋಡಿಕೊಂಡರೆ ನೀರಿನಲ್ಲಿ ಬಿದ್ದಿರೆಂದೇ ಲೆಕ್ಕ. ಯಾವ ಕಾಲು ಮುಂದಿರಬೇಕೆಂದು ತಿಳಿಯದಿದ್ದರೆ ಯಾರಿಗಾದರೂ ಹಿಂದಿನಿಂದ ಮೆಲ್ಲಗೆ ತಳ್ಳಲು ಹೇಳಿ. ತಾನಾಗಿ ಮುಂದೆ ಬರುವ ಕಾಲೇ ಸಾಮಾನ್ಯವಾಗಿ ಮುಂಗಾಲು. ದಿನಾ ಬೆಳಿಗ್ಗೆ ಸ್ನಾನಕ್ಕೆ ಮೊದಲು ಇಪ್ಪತ್ತು ಸಲ ಮಾಡಿದೆ. ಅಲೆಯ ಮೇಲೆ ಯೋಚಿಸಲು ಸಮಯ ಸಿಗುವುದಿಲ್ಲ. ಅಲ್ಲಿ ನಿಮ್ಮನ್ನು ಎಬ್ಬಿಸುವುದು ಮೈಯ ನೆನಪು.

ದ್ವೀಪಕ್ಕೆ ಮೊದಲು ನಮ್ಮದೇ ಕರಾವಳಿಯಲ್ಲಿ ಎರಡು ವಾರಾಂತ್ಯ ಕಳೆಯಿರಿ. ಮಂಗಳೂರಿನ ಉತ್ತರಕ್ಕೆ ಮೂಲ್ಕಿ, ಸಸಿಹಿತ್ಲು ಇವೆ. ಸಸಿಹಿತ್ಲಿನಲ್ಲಿ ರಾಷ್ಟ್ರಮಟ್ಟದ ಸರ್ಫಿಂಗ್ ಸ್ಪರ್ಧೆಗಳೇ ನಡೆದಿವೆ. ಮಳೆಗಾಲದ ಕಡಲು ಕಲಿಯುವವರದ್ದಲ್ಲ, ದಸರೆ ಕಳೆದ ಮೇಲೆ ಹೋಗಿ. ಎಂಟು-ಒಂಬತ್ತು ಅಡಿಯ ಮೆತ್ತನೆಯ ಫೋಮ್ ಹಲಗೆಯನ್ನೇ ಕೇಳಿ ಪಡೆಯಿರಿ. ಹಲಗೆ ದೂರ ಹೋಗದಂತೆ ಅದಕ್ಕೆ ಕಟ್ಟಿದ ಹಗ್ಗವನ್ನು, ಅಂದರೆ ಲೀಶನ್ನು, ಹಿಂಗಾಲಿಗೆ ಕಟ್ಟಿಕೊಳ್ಳಿ. ಮೊದಲ ದಿನಗಳಲ್ಲಿ ಒಡೆದು ದಡದತ್ತ ಬರುವ ನೊರೆಯಲೆ ಸಾಕು. ನಿಮಗೂ ಬರುವ ಅಲೆಗೂ ನಡುವೆ ಹಲಗೆ ಇರಬಾರದು, ಅದು ಬಂದು ಮುಖಕ್ಕೇ ಬಡಿಯುತ್ತದೆ. ಬೀಳುವಾಗ ಚಪ್ಪಟೆಯಾಗಿ ಬಿದ್ದು, ತಲೆಗೆ ಕೈ ಅಡ್ಡ ಹಿಡಿದು ಮೇಲೆ ಬನ್ನಿ.

ಕಡಲ ಸೆಳೆತದ ಬಗ್ಗೆ ಒಂದು ಮಾತು, ಬಯಲುಸೀಮೆಯವರು ಮೋಸ ಹೋಗುವುದು ಇಲ್ಲಿಯೇ. ಎರಡೂ ಬದಿಯಲ್ಲಿ ಅಲೆಗಳು ಬೆಳ್ಳಗೆ ಒಡೆಯುತ್ತಿರುತ್ತವೆ, ನಡುವೆ ಒಂದು ಪಟ್ಟಿ ಮಾತ್ರ ಕಡುಬಣ್ಣಕ್ಕೆ ಶಾಂತವಾಗಿ ಕಾಣುತ್ತದೆ. ಇಳಿಯಲು ಅದೇ ಒಳ್ಳೆಯ ಜಾಗವೆನಿಸುತ್ತದೆ. ದಡಕ್ಕೆ ಬಂದ ನೀರು ಹಿಂತಿರುಗುವ ದಾರಿ ಅದು. ಸಿಕ್ಕಿಬಿದ್ದರೆ ದಡದ ಕಡೆ ಗುದ್ದಾಡಬೇಡಿ. ಹಲಗೆಯನ್ನು ಬಿಡದೆ, ದಡಕ್ಕೆ ಸಮಾನಾಂತರವಾಗಿ ಸಾಗಿ, ಅಲೆ ಒಡೆಯುವಲ್ಲಿಗೆ ಬಂದ ಮೇಲೆ ತಿರುಗಿ.

ಸ್ಕೂಬಾ ಹಿಡಿಸುತ್ತದೆಯೋ ಇಲ್ಲವೋ ನೋಡಲು ಮುರುಡೇಶ್ವರದ ಆಚೆಯ ನೇತ್ರಾಣಿ ದ್ವೀಪದ ಬಳಿ ತರಬೇತುದಾರರ ಜೊತೆ ಒಮ್ಮೆ ಮುಳುಗಿ ನೋಡಿ. ಹಿಡಿಸಿದರೆ ಪೂರ್ತಿ ಕೋರ್ಸನ್ನು ಅಂಡಮಾನಿನ ಸ್ವರಾಜ್ ದ್ವೀಪದಲ್ಲಿ, ಅಂದರೆ ಹಳೆಯ ಹ್ಯಾವ್ಲಾಕ್‌ನಲ್ಲಿ ಮಾಡಿ. ಮೂರು-ನಾಲ್ಕು ದಿನ, ಸಮುದ್ರದಲ್ಲಿ ನಾಲ್ಕು ಡೈವ್. ಆಮೇಲೆ 18 ಮೀಟರ್ ಆಳದವರೆಗೆ ಜೊತೆಗಾರರೊಂದಿಗೆ ಇಳಿಯಬಹುದು.

ಇಲ್ಲಿ ನನ್ನನ್ನು ಕಾಡಿದ್ದು ಉಸಿರಲ್ಲ, ಕಿವಿ. ಹತ್ತು ಮೀಟರ್ ಇಳಿದರೆ ಒತ್ತಡ ದುಪ್ಪಟ್ಟಾಗುತ್ತದೆ. ಕಿವಿಯೊಳಗಿನ ಗಾಳಿ ಅದಕ್ಕೆ ಸರಿಹೊಂದದಿದ್ದರೆ ತಮಟೆ ಒಳಕ್ಕೆ ಜಗ್ಗುತ್ತದೆ. ಎರಡನೆಯ ದಿನ ನನಗೆ ನೆಗಡಿಯಾಗಿತ್ತು. ‘ನಿಧಾನವಾಗಿ ಇಳಿದರೆ ಏನೂ ಆಗುವುದಿಲ್ಲ’ ಎಂದರು ಡೈವಿಂಗ್ ಕೇಂದ್ರದವರು, ನಾನೂ ಒಪ್ಪಿದೆ. ನಾಲ್ಕು ಮೀಟರಿನಲ್ಲಿ ಬಲಗಿವಿಗೆ ಮೊಳೆ ಹೊಡೆದಂತಾಯಿತು. ಐದು ದಿನ ದಡದಲ್ಲಿ ಕೂತು ಬೇರೆಯವರ ದೋಣಿ ಹೊರಡುವುದನ್ನು ನೋಡಿದೆ. ಆ ಐದು ದಿನಗಳ ಸಂಕಟ ನಿಮಗೆ ಬೇಡ. ನೆಗಡಿಯಿದ್ದರೆ ಇಳಿಯಬೇಡಿ, ಯಾರೇ ಹೇಳಲಿ. ಮಾತ್ರೆ ನುಂಗಿ ಇಳಿಯುವುದೂ ಬೇಡ, ಅದರ ಪ್ರಭಾವ ಆಳದಲ್ಲಿ ಇಳಿದುಹೋದರೆ ಮೇಲೆ ಬರುವಾಗ ಕಿವಿ ಕಟ್ಟಿಕೊಳ್ಳುತ್ತದೆ. ಆರೋಗ್ಯದ ಪ್ರಶ್ನಾವಳಿಯನ್ನೇ ಕೊಡದ ಕೇಂದ್ರದಿಂದ ಎದ್ದು ಬನ್ನಿ.

ಸರಿಯಾದ ಕ್ರಮ ಹೀಗೆ: ಮೂಗು ಹಿಡಿದು, ಬಾಯಿ ಮುಚ್ಚಿ ಮೆಲ್ಲಗೆ ಊದುವುದನ್ನು ನೀರಿನ ಮೇಲಿರುವಾಗಲೇ ಶುರು ಮಾಡಿ. ಹಗ್ಗ ಹಿಡಿದು, ಕಾಲು ಕೆಳಗೆ ತಲೆ ಮೇಲೆ ಮಾಡಿ ಇಳಿಯಿರಿ. ನೋವು ಬರುವ ಮೊದಲೇ ಅರ್ಧರ್ಧ ಮೀಟರಿಗೆ ಊದಿ. ಕಟ್ಟಿಕೊಂಡರೆ ಒಂದು ಮೀಟರ್ ಮೇಲೇರಿ ಮತ್ತೆ ಪ್ರಯತ್ನಿಸಿ. ಜೋರಾಗಿ ಊದಬೇಡಿ. ಎಲ್ಲಕ್ಕಿಂತ ಮೇಲಿನ ನಿಯಮ, ಉಸಿರು ಕಟ್ಟಲೇಬಾರದು. ಹತ್ತು ಮೀಟರಿನಿಂದ ಮೇಲೆ ಬರುವಷ್ಟರಲ್ಲಿ ಶ್ವಾಸಕೋಶದ ಗಾಳಿ ಎರಡರಷ್ಟಾಗಿ ಹಿಗ್ಗುತ್ತದೆ. ಅದು ಹೊರಗೆ ಹೋಗಲು ದಾರಿ ಇರಬೇಕು.

ಚೀಲದಲ್ಲಿ ಸ್ವಂತದ್ದೆಂದು ಕಣ್ಣು-ಮೂಗು ಮುಚ್ಚುವ ಡೈವಿಂಗ್ ಮಾಸ್ಕ್ ಒಂದಿದ್ದರೆ ಸಾಕು, ಉಳಿದದ್ದು ಬಾಡಿಗೆಗೆ ಸಿಗುತ್ತದೆ. ಪಟ್ಟಿ ಹಾಕದೆ ಮುಖಕ್ಕೆ ಒತ್ತಿ ಮೂಗಿನಿಂದ ಉಸಿರೆಳೆಯಿರಿ, ಕೈ ಬಿಟ್ಟರೂ ಅಂಟಿ ನಿಂತರೆ ಅದು ನಿಮ್ಮದು. ಜೊತೆಗೆ ಮೈಗಂಟುವ ಉದ್ದ ತೋಳಿನ ಈಜಂಗಿ, ಅಂದರೆ ರ‍್ಯಾಶ್‌ಗಾರ್ಡ್.

ಎರಡನ್ನೂ ಒಂದೇ ಪ್ರವಾಸದಲ್ಲಿ ಕಲಿಯುವುದಾದರೆ ಜನವರಿ-ಫೆಬ್ರವರಿ ಒಳ್ಳೆಯ ಕಾಲ. ಆಗ ಅಂಡಮಾನಿನ ನೀರು ಶಾಂತವಾಗಿರುತ್ತದೆ, ಶ್ರೀಲಂಕಾದ ದಕ್ಷಿಣ ತೀರದ ವೆಲಿಗಾಮದಲ್ಲಿ ಮರಳಿನ ತಳದ ಮೇಲೆ ಕಲಿಯುವವರಿಗೆ ಹೇಳಿ ಮಾಡಿಸಿದ ಅಲೆಗಳು ಏಳುತ್ತವೆ. ಸ್ಕೂಬಾ ಮೊದಲು, ಸರ್ಫಿಂಗ್ ಆಮೇಲೆ. ಡೈವ್ ಮಾಡಿದ ಮೈಯಲ್ಲಿ ಕರಗಿ ಉಳಿದ ಸಾರಜನಕ ಹೊರಗೆ ಹೋಗಲು ಸಮಯ ಬೇಕು. ಒಂದೇ ಡೈವ್ ಆಗಿದ್ದರೆ ಕನಿಷ್ಠ 12 ಗಂಟೆ, ಹೆಚ್ಚಾಗಿದ್ದರೆ 18 ಗಂಟೆ ವಿಮಾನ ಹತ್ತಬಾರದು. ನಾನು ಪೂರ್ತಿ ಒಂದು ದಿನ ಬಿಡುತ್ತೇನೆ.

ವಿಮಾನದ ಮಾತು ಎಲ್ಲರಿಗೂ ಗೊತ್ತು, ಘಟ್ಟದ್ದನ್ನು ಮರೆಯುತ್ತಾರೆ. ಬೆಂಗಳೂರು ಇರುವುದು ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರದಲ್ಲಿ. ಈ ಎಚ್ಚರಿಕೆ ಸುಮಾರು 600 ಮೀಟರಿನಿಂದಲೇ ಅನ್ವಯಿಸುತ್ತದೆ. ಬೆಳಿಗ್ಗೆ ನೇತ್ರಾಣಿಯಲ್ಲಿ ಎರಡು ಸಲ ಮುಳುಗಿ ಅದೇ ರಾತ್ರಿ ಬಸ್ಸಿನಲ್ಲಿ ಘಟ್ಟ ಹತ್ತಬೇಡಿ. ಶನಿವಾರ ಡೈವ್ ಮುಗಿಸಿ, ರಾತ್ರಿ ಮುರುಡೇಶ್ವರದಲ್ಲೇ ಉಳಿದು, ಭಾನುವಾರ ರಾತ್ರಿಯ ಬಸ್ಸಿಗೆ ಸೀಟು ಕಾದಿರಿಸಿ.